ಮೊಸರು ಯಾಕೆ ಗಟ್ಟಿಯಾಗಲಿಲ್ಲ?

ಮೊಸರಿನಂಗಡಿಯ ಅತ್ತೆಗೆ ವಾರದಿಂದ ನೆಮ್ಮದಿಯಿರಲಿಲ್ಲ. ಎಷ್ಟು ಜೋಪಾನವಾಗಿ ಹೆಪ್ಪು ಹಾಕಿದರೂ ಮೊಸರು ನೀರುನೀರು. ಹಳೆಯ ಗಿರಾಕಿಗಳೂ ಮುಖ ಸಿಂಡರಿಸಿಕೊಂಡು ಎದುರಿನ ಅಂಗಡಿಗೆ ನಡೆದರು.

ಮನೆಯಲ್ಲಿ ಮೂರು ಹಸು. ಹಾಲು ಕರೆಯುವವಳು ಸೊಸೆ. ಅತ್ತೆಯ ಅನುಮಾನ ನೇರ ಅವಳ ಮೇಲೆಯೇ ಬಿತ್ತು.

“ಹಾಲಿಗೆ ನೀರು ಬೆರೆಸ್ತಿದ್ದೀಯೇನೇ?” ಎಂದು ಗಿರಾಕಿಗಳ ಮುಂದೆಯೇ ಕೇಳಿಬಿಟ್ಟರು.

ಸೊಸೆಯ ಮುಖ ಕೆಂಪೇರಿತು. ಆದರೂ ಅವಳು ಜಗಳಕ್ಕಿಳಿಯಲಿಲ್ಲ. ಅಂಗಡಿಗೆ ಬಂದಿದ್ದ ಹಾಲು ಒಂದು ಬಾಟಲಿ, ಅತ್ತೆಯ ಕಣ್ಣೆದುರೇ ಕರೆದ ಮೂರು ಹಸುಗಳದ್ದು ಮೂರು ಬಾಟಲಿ ತುಂಬಿಸಿ, ಗುರುತು ಬರೆದು, ಅವರನ್ನೂ ಹಾಲಿನ ಪ್ರಯೋಗಾಲಯಕ್ಕೆ ಕರೆದೊಯ್ದಳು. ಹಾಲು ನೋಡಲು ತಮ್ಮ ನಾಲಿಗೆ ಸಾಲದೇ ಎಂದು ಅತ್ತೆ ದಾರಿಯುದ್ದಕ್ಕೂ ಗೊಣಗಿದರು.

ಪ್ರಯೋಗಾಲಯದಾಕೆ ಮೊದಲು ಹಾಲಿನ ಒಟ್ಟು ಪ್ರೋಟೀನು ಅಳೆದಳು. ಆಮೇಲೆ ಹಾಲಿಗೆ ಆಮ್ಲ ಬೆರೆಸಿ ಒಡೆಸಿ, ಸೋಸಿ, ತಿಳಿನೀರಿನಲ್ಲಿ ಉಳಿದ ಪ್ರೋಟೀನು ಅಳೆದಳು. ಎರಡರ ವ್ಯತ್ಯಾಸವೇ ಕೇಸಿನ್ ಎಂಬ ಪ್ರೋಟೀನು. ಮೊಸರನ್ನು ಗಟ್ಟಿಯಾಗಿ ಹಿಡಿಯುವುದು ಅದೇ.

“ನೀರು ಬೆರೆಸಿದ್ರೆ ಒಟ್ಟು ಪ್ರೋಟೀನೇ ಇಳೀಬೇಕಿತ್ತಮ್ಮಾ, ಇಳಿದಿಲ್ಲ,” ಎಂದಳು. “ಕಂದು ಹಸುವಿನ ಹಾಲಲ್ಲಿ ಕೇಸಿನ್ ಮಾತ್ರ ಕಡಿಮೆಯಾಗಿದೆ. ಕೆಚ್ಚಲಿಗೆ ಬಾವು ಬಂದಿರಬಹುದು. ಹೊರಗೆ ಕಾಣಲ್ಲ, ಪಶುವೈದ್ಯರಿಗೆ ತೋರಿಸಿ.”

ಅಂಗಡಿಗೆ ಬೇಕಾದ ಹಾಲಿನಲ್ಲಿ ಅರ್ಧ ಕೊಡುತ್ತಿದ್ದದ್ದು ಆ ಕಂದು ಹಸುವೇ. ಚೆನ್ನಾಗಿ ಮೇಯುವ ಅದಕ್ಕೆಂಥ ಕಾಯಿಲೆ ಎಂದು ಅತ್ತೆ ನಂಬಲಿಲ್ಲ. ಸೊಸೆ ಕರೆಸಿದ ಪಶುವೈದ್ಯರು ಬಂದು ಪರೀಕ್ಷೆಯ ದ್ರವ ಬೆರೆಸಿದಾಗ ಒಂದು ಮೊಲೆಯ ಹಾಲು ಲೋಳೆಯಾಯಿತು; ಬಾವಿನ ಗುರುತೇ ಅದು. ಅತ್ತೆ ತಾವೇ ಹಗ್ಗ ಹಿಡಿದು ಹಸುವನ್ನು ಚಿಕಿತ್ಸೆಗೆ ನಿಲ್ಲಿಸಿದರು.

ಚಿಕಿತ್ಸೆ ನಡೆಯಿತು. ವೈದ್ಯರು ಸರಿ ಎನ್ನುವವರೆಗೂ ಆ ಹಸುವಿನ ಹಾಲನ್ನು ಯಾರೂ ಬಳಸಲಿಲ್ಲ. ಮತ್ತೆ ಪರೀಕ್ಷೆ ಮಾಡಿಸಿದಾಗ ಕೇಸಿನ್ ಏರಿತ್ತು. ಮೊಸರು ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ. ಅಂಗಡಿಯ ಮುಂದೆ ಸಾಲು ಬೀದಿಯವರೆಗೆ ಬೆಳೆಯಿತು.

ಆ ಸಾಲಿನ ಮುಂದೆ ಅತ್ತೆ ಸೊಸೆಯ ಕೈ ಹಿಡಿದು ನಿಂತರು.

“ಇವಳು ನೀರು ಬೆರೆಸಿರಲಿಲ್ಲ. ಕೆಟ್ಟದ್ದು ನನ್ನ ಬಾಯಿ. ನಮ್ಮ ಹಸು ಉಳಿಸಿದ್ದು ಇವಳೇ.”

ಸೊಸೆ ತಲೆಯೆತ್ತಿ ನಕ್ಕಳು. ಆ ವಾರ ಬೀದಿಯ ಹನ್ನೊಂದು ಮನೆಯವರು ಬಾಟಲಿ ಹಿಡಿದು ಪ್ರಯೋಗಾಲಯಕ್ಕೆ ಹೊರಟರು. ಮುಂದೆ ನಡೆದವರು ಅತ್ತೆಯೇ.

ನಿಮ್ಮ ಮನೆಯ ಮೊಸರೂ ಗಟ್ಟಿಯಾಗುತ್ತಿಲ್ಲವೇ? ಯಾರನ್ನಾದರೂ ಗದರಿಸುವ ಮೊದಲು ಹಾಲು ಪರೀಕ್ಷೆ ಮಾಡಿಸಿ. ಒಂದೊಂದು ಹಸುವಿನ ಹಾಲನ್ನೂ ಬೇರೆ ಬೇರೆ ಶುಚಿಯಾದ ಬಾಟಲಿಗೆ ತುಂಬಿ, ಹಸುವಿನ ಗುರುತು ಬರೆದು, ತಣ್ಣಗಿಟ್ಟು ಬೇಗ ಹಾಲಿನ ಪ್ರಯೋಗಾಲಯಕ್ಕೆ ತಲುಪಿಸಿ. ನಾಳೆ ಬೆಳಿಗ್ಗೆಯ ಹಾಲಿನಿಂದಲೇ ಶುರುಮಾಡಿ.