ಗಂಟು ಹಾಕಿದ ತಂತಿ

"ಇವನ ತಲೇಲಿರೋ ಮೊದಲನೇ ಬ್ಯಾಟರಿಗೇ ಇನ್ನೂ ಕನೆಕ್ಷನ್ ಸಿಕ್ಕಿಲ್ಲ, ನಿಮ್ಮ ಗಾಡಿಗೆ ಎರಡನೇದು ಕೂರಿಸ್ತಾನಂತೆ ಇವನು," ಅಂದ ಗ್ಯಾರೇಜಿನ ಮೇಸ್ತ್ರಿ, ಹುಡುಗನ ಮಾವ.

ಮೆಲ್ಲಗೆ ಹೇಳಿದ್ದಲ್ಲ, ಮೂಲೆಗೆ ಕರೆದು ಹೇಳಿದ್ದೂ ಅಲ್ಲ. ಗ್ಯಾರೇಜಿನ ಅಂಗಳದ ನಟ್ಟನಡುವೆ, ಟೈರಿನವನು, ಪೇಂಟರು, ಗಾಡಿ ತಂದಿದ್ದ ಮುದಿ ದಂಪತಿ, ಎಲ್ಲರೂ ಕೇಳುವ ಹಾಗೆ ಹೇಳಿದ. ಟೈರಿನವನು ನಕ್ಕ ನಗೆಗೆ ಬಾಯಲ್ಲಿದ್ದ ಟೀ ಮೂಗಿಗೆ ಏರಿತು. ಗಾಡಿ ಕೊಳ್ಳುವ ಆಸೆಗೆ ಬಂದ ಕೋಳಿ ವ್ಯಾಪಾರಿಯೊಬ್ಬ ಟೇಪು ಹಿಡಿದು ಗಾಡಿಯ ಒಳಗೆ ಅಳತೆ ಮಾಡುತ್ತಿದ್ದ, ಅವನೂ ತಲೆ ಹೊರಗೆ ಹಾಕಿ ನಕ್ಕ, ನಕ್ಕು ಮತ್ತೆ ಅಳತೆಗೆ ಹೋದ.

ಬೈಸಿಕೊಂಡವನನ್ನು ಎಲ್ಲರೂ ಕರೆಯುವುದು ಕಿಡಿ ಅಂತ. ಮೂಗಿನ ತುದೀಲೇ ಕೋಪ, ಕೆಲಸ ಕರೆಂಟಿನದು, ಹಾಗಾಗಿ ಹೆಸರು ಅಂಟಿಕೊಂಡಿತ್ತು. ಅವನು ಮಾಡಿದ ತಪ್ಪು ಇಷ್ಟೇ, ನಿಜ ಹೇಳಿದ್ದು. ಒಳಗೇ ಮಲಗಿ ಊರೂರು ತಿರುಗಲು ಮುದುಕರು ಮಂಚ ಹಾಕಿಸಿಕೊಂಡ ಆ ಗಾಡಿಗೆ ಹೋದ ತಿಂಗಳು ಮಾವನೇ ಎರಡನೇ ಬ್ಯಾಟರಿ ಹಾಕಿದ್ದ. ಇಂಜಿನ್ನಿನ ಬ್ಯಾಟರಿಗೂ ಮಲಗುವ ಕೋಣೆಯ ಬ್ಯಾಟರಿಗೂ ನೇರವಾಗಿ ತಂತಿ ಎಳೆದು, "ಒಗ್ಗಟ್ಟಿನಲ್ಲಿ ಬಲ" ಅಂತ ಬೆನ್ನು ತಟ್ಟಿ ಕಳಿಸಿದ್ದ. ಆ ಮುದುಕರು ಎಲ್ಲೋ ಬಯಲಿನಲ್ಲಿ ಒಂದು ರಾತ್ರಿ ದೀಪ, ಫ್ಯಾನು ಹಾಕಿಕೊಂಡು ಮಲಗಿ ಎದ್ದರೆ ಗಾಡಿ ಸೆಲ್ಫೇ ಹೊಡೆಯಲಿಲ್ಲ. ಒಂದರ ಜೊತೆ ಇನ್ನೊಂದೂ ಬರಿದಾಗಿತ್ತು. ಎರಡು ದಿನ ಅಲ್ಲೇ ಕೂತರು. ಈಗ ವಾಪಸು ಬಂದರೆ ಮಾವ ಅನ್ನುತ್ತಾನೆ, ಇನ್ನೂ ದೊಡ್ಡ ಬ್ಯಾಟರಿ ಹಾಕೋಣ. ಕಿಡಿ ಬಾಯಿ ಬಿಟ್ಟ: "ದೊಡ್ಡದು ಹಾಕಿದ್ರೆ ಒಂದು ದಿನ ತಡವಾಗಿ ಸಾಯ್ತವೆ ಮಾವ, ಅಷ್ಟೇ. ಗಾಡಿ ನಿಂತಾಗ ಅವೆರಡನ್ನ ಬೇರೆ ಮಾಡಬೇಕು. ಮಧ್ಯ ಒಂದು ರಿಲೇ, ತಾನಾಗೇ ಸೇರಿಸಿ ಬಿಡಿಸೋ ಸ್ವಿಚ್ಚು, ಹಾಕಿ ನಾನು ಮಾಡ್ತೀನಿ."

ಅದಕ್ಕೆ ಬಿದ್ದ ಮಾತು ಅದು.

ಗಾಡಿಯ ಅಜ್ಜಿ ನಗಲಿಲ್ಲ. ಇಪ್ಪತ್ತು ವರ್ಷ ಸ್ಕೂಲ್ ವ್ಯಾನ್ ಓಡಿಸಿದ ಹೆಂಗಸು, ಯಾರ ಗದ್ದಲಕ್ಕೂ ಸ್ಟೀರಿಂಗ್ ತಿರುಗಿಸಿದವರಲ್ಲ. "ಅವನೇ ಮಾಡಲಿ ಮೇಸ್ತ್ರಿ," ಅಂದರು. "ಮೂರು ದಿನ ಕೊಡ್ತೀನಿ. ನಾಲ್ಕನೇ ದಿನ ಬೆಳಿಗ್ಗೆ ಸ್ಟಾರ್ಟ್ ಆಗದಿದ್ರೆ ಗಾಡಿ ಕೋಳಿಯವರಿಗೆ. ಇವರನ್ನ ಕಟ್ಕೊಂಡು ಇನ್ನೊಂದು ಸಲ ದಾರೀಲಿ ಕೂರೋ ಶಕ್ತಿ ನನಗಿಲ್ಲ."

ಇವರು ಅಂದರೆ ಅವರ ಗಂಡ, ಗಡಿಯಾರ ರಿಪೇರಿಯ ತಾತ. ಗಾಡಿಯ ಮೆಟ್ಟಿಲ ಮೇಲೆ ಕೂತು, ನಗುತ್ತಿದ್ದವರ ಮುಖವನ್ನು ಒಂದು ಪಕ್ಕದಿಂದ, ಹಕ್ಕಿಯ ಹಾಗೆ ಕತ್ತು ಓರೆ ಮಾಡಿ ನೋಡುತ್ತಿದ್ದರು.

"ನಾಲ್ಕು ಜನ ನಕ್ಕಿದ್ದು ಸಾಲದು ಅಂತ ನಾಲ್ಕು ದಿನ ನಗಿಸ್ತಾನೆ," ಅಂದು ಮಾವ ಒಳಗೆ ಹೋದ.

ಮೊದಲ ದಿನ ಕಿಡಿ ಮಾವನ ತಂತಿಯನ್ನು ಹಾವು ಎಳೆದ ಹಾಗೆ ಎಳೆದು ಬಿಸಾಕಿದ. ಮಂಚದ ಹಲಗೆ ಎತ್ತಿ, ಬ್ಯಾಟರಿಯನ್ನು ಪಟ್ಟಿಯಿಂದ ಬಿಗಿದು, ದಪ್ಪ ಕೇಬಲ್ಲನ್ನು ನೆಲದಡಿಯಿಂದ ಮುಂದಕ್ಕೆ ನೂಕಿದ. ಎರಡು ತುದಿಗೂ, ಬ್ಯಾಟರಿಯಿಂದ ಒಂದು ಗೇಣಿನೊಳಗೆ, ಒಂದೊಂದು ಫ್ಯೂಸು. ಕೆಲಸಕ್ಕೆ ಇಳಿದ ಮೇಲೆ ಕೋಪ ಎಲ್ಲಿಗೆ ಹೋಗುತ್ತಿತ್ತೋ ಅವನಿಗೇ ಗೊತ್ತಾಗುತ್ತಿರಲಿಲ್ಲ. ಹಿಂದೆ ಆ ಗಾಡಿ ಬ್ರೆಡ್ಡಿನ ವ್ಯಾನಾಗಿತ್ತಂತೆ. ಬಿಸಿಲು ಏರಿದಾಗ ತಗಡಿನಿಂದ ಈಗಲೂ ಬೆಂದ ಹಿಟ್ಟಿನ ವಾಸನೆ ಬರುತ್ತಿತ್ತು. ಹಳದಿ ಪರದೆ ದಾಟಿ ಬಂದ ಬೆಳಕು ಹಾಸಿಗೆಯ ಮೇಲೆ ಜೇನಿನ ಹಾಗೆ ಹರಡುತ್ತಿತ್ತು. ಹೊರಗೆ ಸುತ್ತಿಗೆ ಏಟು ಬೀಳುತ್ತಿದ್ದರೂ ಅದು ಯಾವುದೋ ಆಚೆ ದಡದಲ್ಲಿ ಬಟ್ಟೆ ಒಗೆದ ಹಾಗೆ ಕೇಳುತ್ತಿತ್ತು.

ತಾತ ಎದುರಿನ ಸೀಟಿನಲ್ಲಿ ಕೂತಿರುತ್ತಿದ್ದರು. ಎರಡನೇ ದಿನ ಅವರಾಗಿಯೇ ಮಾತು ತೆಗೆದರು.

"ನನ್ನ ಕಣ್ಣಿನ ನಡುವೆ ಒಂದು ಬೂದಿ ಬಣ್ಣದ ಬಿಲ್ಲೆ ಕೂತಿದೆ ಮಗಾ. ಯಾವುದನ್ನ ನೋಡ್ಬೇಕು ಅಂತೀನೋ ಅದರ ಮೇಲೇ ಹೋಗಿ ಕೂರುತ್ತೆ. ಸುತ್ತಲಿಂದೆಲ್ಲ ಕಾಣುತ್ತೆ. ನಿನ್ನ ಕಿವಿ ಕಾಣುತ್ತೆ, ಮುಖ ಇಲ್ಲ."

"ಮುಖ ನೋಡೋಕೆ ಅಂಥದ್ದೇನಿಲ್ಲ ಬಿಡಿ ತಾತ."

"ಹಾಗಂತ ಇವಳೂ ಹೇಳಿದ್ಲು," ಅಂದರು ತಾತ.

ಕಿಡಿಗೆ ಎರಡು ದಿನದಲ್ಲಿ ಮೊದಲ ಸಲ ನಗು ಬಂತು.

"ಐವತ್ತು ವರ್ಷ ಸಾಸಿವೆಯಷ್ಟು ಚಕ್ರ ನೋಡಿದೆ. ಚಿಕ್ಕದು ಮುಗೀತು. ದೊಡ್ಡದು ಇನ್ನೊಂದು ವರ್ಷ ಕಾಣುತ್ತಂತೆ, ಡಾಕ್ಟರು ಅಷ್ಟು ಹೇಳಿದ್ದಾರೆ. ಅದಕ್ಕೇ ಈ ಗಾಡಿ. ಸಮುದ್ರಕ್ಕೆ ನಡುವೆ ಅಂತ ಎಲ್ಲಿದೆ ಹೇಳು? ಒಂದು ಬಿಲ್ಲೆಯಷ್ಟು ಕಾಣದಿದ್ರೆ ಸಮುದ್ರಕ್ಕೇನು ನಷ್ಟ?"

ಕಿಡಿ ಕರೆಂಟು ಅಳೆಯುವ ಮೀಟರಿನ ಕಡ್ಡಿಯನ್ನು ಇನ್ನೊಂದು ತಂತಿಗೆ ಒತ್ತಿದ. ಅವನು ಸಮುದ್ರ ನೋಡಿಯೇ ಇರಲಿಲ್ಲ.

"ಒಂದೇ ಚಿಂತೆ," ಅಂದರು ತಾತ. "ಫ್ಯೂಸು ಹೋಯ್ತು ಅಂದ್ಕೋ. ಇವಳು ದಿನವೆಲ್ಲ ಗಾಡಿ ಓಡಿಸಿ ಮಲಗಿರ್ತಾಳೆ. ಒಂದು ದೀಪಕ್ಕೋಸ್ಕರ ಅವಳನ್ನ ಎಬ್ಬಿಸಬೇಕಾ? ಈ ಕೈಯಲ್ಲಿ ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸಿದೀನಿ. ಆದ್ರೆ ಯಾವುದು ದೀಪದ್ದು, ಯಾವುದು ಫ್ಯಾನಿಂದು ಅಂತ ಕಣ್ಣಿಗೆ ಗೊತ್ತಾಗಬೇಕಲ್ಲ."

ಹಾಗೆನ್ನುತ್ತಾ ಅವರ ಬೆರಳು ಫ್ಯೂಸ್ ಪೆಟ್ಟಿಗೆಯ ಪಕ್ಕದ ತಂತಿಗಳ ಮೇಲೆ ಆಡುತ್ತಿತ್ತು. ಆಡುತ್ತಾ ಆಡುತ್ತಾ ನಿಂತಿತು.

"ಇದೇನಿದು?"

ಕಿಡಿಯ ಕಿವಿ ಬಿಸಿಯಾಯಿತು. "ಏನಿಲ್ಲ ತಾತ. ದಾರ ಸಿಕ್ಕಾಕೊಂಡಿದೆ."

"ಸಿಕ್ಕಾಕೊಂಡ ದಾರಕ್ಕೆ ಇಷ್ಟು ಚಂದದ ಗಂಟು ಬೀಳಲ್ಲ ಕಣಪ್ಪ."

ಆ ಗಂಟಿನ ಕಥೆ ಕಿಡಿ ಯಾರಿಗೂ ಹೇಳಿದವನಲ್ಲ. ಶಾಲೆಯಲ್ಲಿ ಅಕ್ಷರಗಳು ಅವನ ಮುಂದೆ ನಿಲ್ಲುತ್ತಿರಲಿಲ್ಲ, ಸಕ್ಕರೆ ಚೆಲ್ಲಿದ ಕಡೆ ಇರುವೆ ಓಡಾಡಿದ ಹಾಗೆ ಓಡಾಡುತ್ತಿದ್ದವು. ಏಳನೇ ಕ್ಲಾಸಿಗೆ ಬೆಂಚು, ಮೇಷ್ಟ್ರು, ಚೀಲ ಎಲ್ಲಕ್ಕೂ ಒಂದೇ ಸಲ ಕೈ ಮುಗಿದು ಬಂದ. ಗ್ಯಾರೇಜಿನಲ್ಲಿ ಮಾವ ಹೇಳಿದ, ಪ್ರತಿ ತಂತಿಗೂ ಚೀಟಿ ಬರೆದು ಅಂಟಿಸು. ಬರೆದ. ಅಕ್ಷರ ಉಲ್ಟಾ ಬಿದ್ದಿದ್ದವು. ಆ ಚೀಟಿಯನ್ನು ಮಾವ ವಾರವಿಡೀ ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ತೋರಿಸಿ ನಗಿಸಿದ. ಅವತ್ತಿಂದ ಕಿಡಿ ಅಮ್ಮನ ಹೊಲಿಗೆ ಡಬ್ಬಿಯ ದಾರ ತಂದು, ಯಾರಿಗೂ ಕಾಣದ ಕಡೆ ಗಂಟು ಹಾಕುತ್ತಾನೆ.

ಇಷ್ಟನ್ನೂ ಹೇಳಲಿಲ್ಲ. "ಒಂದು ಗಂಟು ದೀಪ, ಎರಡು ಫ್ಯಾನು, ಮೂರು ನೀರಿನ ಪಂಪು," ಅಂದ, ಕದ್ದದ್ದನ್ನು ಒಪ್ಪಿಕೊಂಡವನ ಹಾಗೆ. "ಗಂಟಿಲ್ಲದ ದಪ್ಪಂದು ಇಂಜಿನ್ನಿಂದು. ಅದಕ್ಕೆ ಕೈ ಹಾಕಬಾರದು."

ತಾತ ಕಣ್ಣು ಮುಚ್ಚಿಕೊಂಡರು. ಬೆರಳು ತಂತಿಯಿಂದ ತಂತಿಗೆ ನಡೆಯಿತು. "ದೀಪ. ಫ್ಯಾನು. ಪಂಪು." ಮತ್ತೆ ಮೊದಲಿಂದ. ಆಮೇಲೆ ಉಲ್ಟಾ. ಒಂದು ಸಲವೂ ತಪ್ಪಲಿಲ್ಲ. ಕಣ್ಣು ಮುಚ್ಚಿಯೇ ಒಂದು ಫ್ಯೂಸನ್ನು ಕಿತ್ತರು, ದೀಪ ಆರಿತು. ಮತ್ತೆ ಕೂರಿಸಿದರು, ಹತ್ತಿತು.

"ಇದನ್ನ ಒಳಗೆ ಮುಚ್ಚಿ ಇಡಬೇಡ. ನನ್ನ ಕೈಗೆ ಸಿಗೋ ಹಾಗೆ ಹೊರಗೆ ಬಿಡು," ಅಂದರು.

ಮೂರನೇ ದಿನ ರಿಲೇ ಕೂತಿತು. ಅಜ್ಜಿ ಇಂಜಿನ್ ಸ್ಟಾರ್ಟ್ ಮಾಡಿದರು. ಸ್ವಲ್ಪ ಹೊತ್ತಿಗೆ ನೆಲದಡಿಯಿಂದ ಒಂದು ಸದ್ದು. ಟಕ್. ಎರಡು ಬ್ಯಾಟರಿ ಸೇರಿದವು. ಇಂಜಿನ್ ನಿಲ್ಲಿಸಿದರು. ಸ್ವಲ್ಪ ತಡೆದು ಮತ್ತೆ ಟಕ್. ಬೇರೆಯಾದವು.

"ಇದಕ್ಕೂ ಟಿಕ್ ಇದೆಯಲ್ಲೇ," ಅಂದರು ತಾತ ಹೆಂಡತಿಗೆ, ಮಗುವಿನ ಎದೆ ಬಡಿತ ಕೇಳಿದವರ ಹಾಗೆ. ಆ ಸದ್ದಿಗೋಸ್ಕರವೇ ಇನ್ನೂ ನಾಲ್ಕು ಸಲ ಸ್ಟಾರ್ಟ್ ಮಾಡಿಸಿದರು.

ಮಧ್ಯಾಹ್ನ ದೀಪ, ಫ್ಯಾನು ಎರಡನ್ನೂ ಹಾಕಿ ಬಿಟ್ಟರು. ಪರೀಕ್ಷೆ ಅದೇ: ನಾಳೆ ಬೆಳಿಗ್ಗೆವರೆಗೂ ಉರಿದು ಎರಡನೇ ಬ್ಯಾಟರಿ ಪೂರ್ತಿ ಬರಿದಾಗಲಿ, ಆಮೇಲೂ ಗಾಡಿ ಸ್ಟಾರ್ಟ್ ಆಗಬೇಕು. ಕಿಡಿ ಗಾಡಿಯ ನೆಲದ ಮೇಲೆ ಅಂಗಾತ ಬಿದ್ದುಕೊಂಡ. ಫ್ಯಾನಿನ ಗಾಳಿಗೆ ಪರದೆ ಉಬ್ಬಿ ಇಳಿಯುತ್ತಿತ್ತು. ಬೆನ್ನಡಿಯಲ್ಲಿ ತಾನೇ ಎಳೆದ ತಂತಿಗಳಲ್ಲಿ ಏನೋ ಹರಿಯುತ್ತಿದೆ, ಸದ್ದಿಲ್ಲದೆ, ಗಂಟಿನಿಂದ ಗಂಟಿಗೆ, ಅನ್ನಿಸಿತು. ಕಣ್ಣು ಮುಚ್ಚಿದ್ದೇ ಗಾಡಿ ಕಟ್ಟು ಬಿಚ್ಚಿದ ದೋಣಿಯ ಹಾಗೆ ಅಂಗಳದಿಂದ ಜಾರಿತು. ಗೇಟು, ಟೈರಿನ ರಾಶಿ, ಮಾವನ ಗೋಡೆ ಎಲ್ಲ ಹಿಂದೆ ಹೋದವು. ಮುಂದೆ ನಡುವೆಯೇ ಇಲ್ಲದ ನೀರು. ತಾತ ಕತ್ತು ಓರೆ ಮಾಡದೆ, ನೇರವಾಗಿ ನೋಡುತ್ತಿದ್ದರು. ಕಣ್ಣು ಬಿಟ್ಟಾಗ ಅಜ್ಜಿ ಅವನ ತಲೆಯಡಿ ದಿಂಬು ಇಟ್ಟಿದ್ದರು.

ನಾಲ್ಕನೇ ದಿನ ಬೆಳಿಗ್ಗೆ ಅಂಗಳ ತುಂಬಿತ್ತು. ಜನಕ್ಕೆ ಇನ್ನೊಬ್ಬರ ಮರ್ಯಾದೆ ಹೋಗುವುದನ್ನು ನೋಡಲು ಯಾರೂ ಕರೆಯಬೇಕಾಗಿಲ್ಲ. ಕೋಳಿ ವ್ಯಾಪಾರಿ ಪಂಜರಗಳ ಲೆಕ್ಕವನ್ನೂ ಹಾಕಿಕೊಂಡು ಬಂದಿದ್ದ. ಮಾವ ಕೈ ಕಟ್ಟಿ ನಿಂತಿದ್ದ. ಗಾಡಿಯೊಳಗೆ ಫ್ಯಾನು ನಿಂತಿತ್ತು. ದೀಪ ಸಾಯುವ ಮಿಂಚುಹುಳದಷ್ಟು ಇತ್ತು, ನೋಡುತ್ತಿದ್ದ ಹಾಗೆ ಅದೂ ಹೋಯಿತು.

"ಮುಗೀತು," ಅಂದ ಕೋಳಿ ವ್ಯಾಪಾರಿ.

ಅಜ್ಜಿ ಸೀಟಿನಲ್ಲಿ ಕೂತು ಸೀರೆಯ ಸೆರಗು ಸರಿ ಮಾಡಿಕೊಂಡರು. ಪಕ್ಕದಲ್ಲಿ ತಾತ, ಎರಡು ಕೈಯನ್ನೂ ಮಂಡಿ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿದ್ದರು. ಕೀಲಿ ತಿರುಗಿತು.

ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಟೈರಿನವನು ಟೀ ಲೋಟವನ್ನು ಬಾಯಿಗೆ ಒಯ್ಯುವುದನ್ನೇ ಮರೆತ. ಎಲ್ಲರೂ ಹಾಗೇ ನಿಂತಿದ್ದಾಗ ನೆಲದಡಿಯಿಂದ ಟಕ್ ಅಂತು. ಫ್ಯಾನು, ನಿದ್ದೆಯಿಂದ ಎದ್ದವರು ಮಗ್ಗಲು ಬದಲಿಸುವ ಹಾಗೆ, ಒಂದು ಸುತ್ತು ತಿರುಗಿತು, ಇನ್ನೊಂದು, ಆಮೇಲೆ ನಿಲ್ಲಲೇ ಇಲ್ಲ. ಕೋಳಿ ವ್ಯಾಪಾರಿಯ ಟೇಪು ಸರ್ರನೆ ಡಬ್ಬಿಯೊಳಗೆ ಹೋಯಿತು.

ತಾತ ಕಿಟಕಿಯಿಂದ ಕೈ ಹೊರಗೆ ಚಾಚಿದರು. ಕಿಡಿ ಹತ್ತಿರ ಬಂದ ಮೇಲೆ ಅವನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

ಮಾತಾಡಿದವನು ಮಾವ. ಕಟ್ಟಿದ ಕೈ ಬಿಚ್ಚಿ, ಅಂಗಳದ ನಟ್ಟನಡುವೆ, ಅದೇ ಜಾಗದಲ್ಲಿ ನಿಂತು, ಅದೇ ಜನರಿಗೆ ಕೇಳುವ ಹಾಗೆ ಹೇಳಿದ: "ನೋಡ್ರಪ್ಪ, ನಮ್ಮ ಗರಡೀಲಿ ಪಳಗಿದ ಹುಡುಗ. ಅಪ್ಪ ಇಲ್ಲದವನು, ಕೈ ಹಿಡಿದು ನಾನೇ ಕಲಿಸಿದ್ದು ಇವನಿಗೆ. ಹೌದೇನೋ?"

ಪೂರ್ತಿ ಸುಳ್ಳಾಗಿದ್ದರೆ ಕಿಡಿ ಅಲ್ಲೇ ಸಿಡಿಯುತ್ತಿದ್ದ. ಆದರೆ ಸ್ಪ್ಯಾನರ್ ಹಿಡಿಯುವುದನ್ನು ಮಾವನೇ ತೋರಿಸಿದ್ದ. ಮೊದಲ ಸಲ ಶಾಕ್ ಹೊಡೆದಾಗ ಇಡೀ ದಿನ ಅಂಗೈ ಉಜ್ಜುತ್ತಾ ಕೂತವನೂ ಅವನೇ. ಗೋಡೆಗೆ ಚೀಟಿ ಅಂಟಿಸಿದವನೂ ಅವನೇ.

ಎಲ್ಲರೂ ಕಿಡಿಯ ಬಾಯಿ ನೋಡುತ್ತಿದ್ದರು. ಅವನು ಜೇಬಿನಿಂದ ಅಮ್ಮನ ದಾರದ ಉಂಡೆ ತೆಗೆದು ತಾತನ ಅಂಗೈಯಲ್ಲಿಟ್ಟು, ಬೆರಳು ಮಡಿಸಿ ಮುಚ್ಚಿದ. ಆಮೇಲೆ ಕೈ ತೊಳೆಯಲು ನಲ್ಲಿಯ ಕಡೆ ಹೊರಟ.

"ಲೋ, ಕೇಳಿದ್ದು ನಿನ್ನನ್ನೇ. ಹೌದೇನೋ?"

ಕಿಡಿ ನಲ್ಲಿಯನ್ನೂ ದಾಟಿ, ಕೈಯ ಮಸಿ ಹಾಗೇ ಇಟ್ಟುಕೊಂಡು, ಗೇಟಿನ ಹೊರಗಿನ ಬಿಸಿಲಿಗೆ ನಡೆದುಹೋದ.