ನೆವೆನಾ ತೆಗೆದ ಮುಖಗಳು

ನೆವೆನಾ ಕಲ್ಪಾಕೋವಾ ಮಾತಿನ ನಡುವೆ ಎದುರಿಗಿದ್ದವರ ಗಲ್ಲ ಹಿಡಿದು ಬೆಳಕಿನತ್ತ ತಿರುಗಿಸಿಬಿಡುತ್ತಿದ್ದರು. ರೊಟ್ಟಿಯಂಗಡಿಯ ಸಾಲೇ ಇರಲಿ, ಟ್ರಾಲಿಬಸ್ಸೇ ಇರಲಿ, ಆ ಒಣ ಬೆರಳುಗಳು ಬಂದು ಮುಖವನ್ನು ಒಂದಿಷ್ಟು ವಾಲಿಸಿ, ತೃಪ್ತಿಯಾಗದೆ, ಮುಂದಿನ ಗಲ್ಲವನ್ನು ಅರಸುತ್ತಿದ್ದವು. ನನ್ನದನ್ನು ಒಮ್ಮೆ ಹಿಡಿದು, "ನಿಂದು ಕಲಸಿಟ್ಟ ಹಿಟ್ಟು ಕಣೋ, ಇನ್ನೂ ಬೇಯ್ಬೇಕು" ಎಂದು ಬಿಟ್ಟಿದ್ದರು. ಸತ್ಯವಾದ್ದರಿಂದ ನಾನು ನೊಂದುಕೊಳ್ಳಲಿಲ್ಲ.

ನಾನು ಮರಣಚೀಟಿ ಅಚ್ಚು ಹಾಕುವ ಅಂಗಡಿಯ ಸಂಬಳದಾಳು. ನಮ್ಮ ರೂಸೆ ಪಟ್ಟಣದಲ್ಲಿ ಯಾರೇ ತೀರಿಕೊಂಡರೂ ಕಪ್ಪಂಚಿನ ಹಾಳೆಯಲ್ಲಿ ಅವರ ಭಾವಚಿತ್ರ ಗೇಟು, ಕಂಬ, ಬಸ್ ನಿಲ್ದಾಣಗಳ ಮೇಲೆ ಮೂಡುತ್ತದೆ. ನೆವೆನಾ ಇಪ್ಪತ್ತಾರು ವರ್ಷ ಇಲ್ಲಿನ ರಂಗದ ಮೇಲೆ ರಾಣಿ, ದಾಸಿ, ವಿಧವೆಯರಾಗಿ ಚಡಪಡಿಸಿದವರು. ಸಹನಟ ಗೆನಾದಿ ತೀರಿಕೊಂಡಾಗ ಮನೆಯವರಿಗೆ ಸಿಕ್ಕಿದ್ದು ಪ್ರಹಸನವೊಂದರ ಅಂಟುಮೀಸೆಯ ಚಿತ್ರ. ಚೀಟಿಯ ಮುಂದೆ ನಿಂತು ಜನ ನಕ್ಕರು. ಆ ವಾರವೇ ನೆವೆನಾ ಹಳೆಯ ಕ್ಯಾಮೆರಾ ಕೊಂಡರು. ಹಗಲು ಚಿತ್ರ, ಸಂಜೆ ನಾಟಕ. ಕ್ರಮೇಣ ನಾಟಕವೂ ಹೋಯಿತು. ಮುದುಕರು ತಾವು ಹೋಗುವ ಮುನ್ನವೇ ಬಂದು ಅವರೆದುರು ಕೂರತೊಡಗಿದರು.

ಸಂತೆಯಲ್ಲಿ ತರಕಾರಿ ಬೀಜ ಮಾರುವ ಸ್ಟೊಯಾಂಕಾ ಮಾತ್ರ ಕೂರಲೊಲ್ಲಳು. ಮೂರು ಸಲ ಅವಳ ಮನೆಗೆ ಅಲೆದ ನೆವೆನಾ, ಕೊನೆಗೆ ಅವಳ ತಲೆವಸ್ತ್ರವನ್ನು ತಾವೇ ಕಟ್ಟಿಕೊಂಡು ಅವಳಿಗೆಂದಿಟ್ಟ ಸ್ಟೂಲಿನ ಮೇಲೆ ಕೂತು, ಬೆಳಕಿನ ಪರೀಕ್ಷೆಗೆಂದು ಸ್ವಂತದ್ದೊಂದು ಚಿತ್ರ ತೆಗೆದುಕೊಂಡು, "ನೋಡು, ಕ್ಯಾಮೆರಾ ಕಚ್ಚಲ್ಲ" ಎಂದು ಅವಳನ್ನು ಕೂರಿಸಿದರಂತೆ. ಸ್ಟೊಯಾಂಕಾ ಹೋದಾಗ ಎರಡೂ ಚಿತ್ರಗಳು ಒಂದೇ ಲಕೋಟೆಯಲ್ಲಿ ನನ್ನ ಕೈಗೆ ಬಂದವು. ಸತ್ತವಳನ್ನು ನಾನು ಕಂಡವನಲ್ಲ. ಒಂದರಲ್ಲಿ ಹಲ್ಲುದುರಿದ ನಗು, ಇನ್ನೊಂದರಲ್ಲಿ ಗಂಭೀರ ವಿಷಾದ. ಸಾವಿಗೆ ವಿಷಾದವೇ ಶೋಭೆಯೆಂದು ತೀರ್ಮಾನಿಸಿದ ಮಹಾಬುದ್ಧಿವಂತ ನಾನು. ವಾರಕ್ಕೆರಡು ಸಲ ನೋಡುತ್ತಿದ್ದ ಮುಖವನ್ನೇ ಆ ತಲೆವಸ್ತ್ರದಲ್ಲಿ ಗುರುತಿಸಲಿಲ್ಲ.

ಚೀಟಿ ಅಂಟಿಸಿದ ಮರುದಿನ ಬೆಳಿಗ್ಗೆ ನೆವೆನಾ ಅಂಗಡಿಗೆ ನುಗ್ಗಿದರು, ಕೈಯಲ್ಲಿ ಹರಿದ ಚೀಟಿ.

"ಇದ್ಯಾರೋ?"

"ಸ್ಟೊಯಾಂಕಾ ಅಜ್ಜಿ."

"ನಿನ್ನ ತಲೆ! ನಾನು ಕಣೋ!"

ನನ್ನ ನೌಕರಿಯ ಮರಣಚೀಟಿ ಕಣ್ಮುಂದೆ ಬಂತು. ಅವರಿಗೆ ಅದರ ಚಿಂತೆಯಿಲ್ಲ. "ಅವಳ ಮಗಳು ಗಲ್ಯಾ ಮಧ್ಯಾಹ್ನದ ಬಸ್ಸಿಗೆ ಸ್ಪೇನಿಂದ ಬರ್ತಾಳೆ. ಒಂಬತ್ತು ವರ್ಷ ಆಯ್ತು ಅಮ್ಮನ ಮುಖ ನೋಡಿ. ಅವಳಿಗೆ ನನ್ನ ಮುಖ ತೋರಿಸ್ತೀಯಾ? ಹಾಕು, ಬೇಗ ಹಾಕು ಹೊಸದು!"

ಇಪ್ಪತ್ತು ಚೀಟಿ, ಒಂದು ಅಂಟಿನ ಡಬ್ಬಿ, ಮುಂದೆ ಓಟದಂಥ ನಡಿಗೆಯ ನೆವೆನಾ, ಹಿಂದೆ ಏದುಸಿರಿನ ನಾನು. ಒಂದು ಕಂಬದ ಬಳಿ ನೆರೆಯ ಹೆಂಗಸು ಕಣ್ಣೊರೆಸುತ್ತಿದ್ದಳು: "ಪಾಪ, ಕಾಯಿಲೆಗೆ ಎಷ್ಟು ಸೊರಗಿಬಿಟ್ಟಿದ್ದಳು ನಮ್ಮ ಸ್ಟೊಯಾಂಕಾ!" ನೆವೆನಾರ ಮುಖದಲ್ಲಿ ಕ್ಷಣಕಾಲ ನಟಿಯ ಹೆಮ್ಮೆ ಮಿಂಚಿದ್ದನ್ನು ಕಂಡೆ, ಮರುಕ್ಷಣವೇ, ಕಂಬದಿಂದ ತಮ್ಮನ್ನು ಕಿತ್ತು ಮುದುರುತ್ತ, "ನಾಟಕ ಬಿಟ್ಟೆ ಬಿಟ್ಟೆ ಅಂತಿದ್ದೆ. ಕೈಲಿ ಕ್ಯಾಮೆರಾ ಹಿಡ್ಕೊಂಡೂ ಆಡಿಬಿಟ್ಟೆನಲ್ಲೋ" ಎಂದರು.

ಹತ್ತೊಂಬತ್ತು ಮುಗಿದವು. ಇಪ್ಪತ್ತನೆಯದು ಸ್ಟೊಯಾಂಕಾಳ ಮನೆಯ ಗೇಟಿನದು. ನಾವು ತಿರುವಿಗೆ ಬರುವಷ್ಟರಲ್ಲಿ ಸೂಟ್‌ಕೇಸ್ ಬದಿಗಿಟ್ಟ ಗಲ್ಯಾ ಅದರ ಮುಂದೆ ನಿಂತು, ಕಾಗದದ ಕೆನ್ನೆ ಸವರುತ್ತಿದ್ದಳು. "ಇಷ್ಟು ಬದಲಾಗಿದ್ದಾಳಾ ಅಮ್ಮ? ನಂಗೆ ಗುರುತೇ ಹತ್ತಲಿಲ್ಲ" ಎಂದು ಅಳುತ್ತಿದ್ದಳು.

"ಸುಮ್ಮನಿದ್ದುಬಿಡಿ, ಚಿಕ್ಕಮ್ಮ" ಎಂದು ನಾನು ನೆವೆನಾರ ತೋಳು ಹಿಡಿದೆ. ಹೇಡಿಗಳ ಕರುಣೆ ಅದು. ಅವರು ಕೊಸರಿಕೊಂಡು ಹೋಗಿ ಹಾಳೆಯನ್ನು ಕಿತ್ತರು.

"ಅದು ನಿನ್ನಮ್ಮ ಅಲ್ಲ ಕಣೇ, ನಾನು. ತಪ್ಪಾಯ್ತು. ನಿನ್ನಮ್ಮ ಇಲ್ಲಿದ್ದಾಳೆ."

ಗಲ್ಯಾಳ ಕಣ್ಣಲ್ಲಿ ಬೆಂಕಿ ಹತ್ತಿತು, ಹೊಡೆದೇಬಿಡುತ್ತಾಳೆಂದುಕೊಂಡೆ. ಅಷ್ಟರಲ್ಲಿ ಹೊಸ ಚೀಟಿಯ ಮೇಲೆ ಅವಳ ನೋಟ ಬಿತ್ತು.

"ಅಯ್ಯೋ, ಹಲ್ಲು ಕಟ್ಟಿಸ್ಕೊಳ್ಳಲೇ ಇಲ್ವಾ ಈ ಹಟಮಾರಿ? ಫೋನಲ್ಲಿ ಎಷ್ಟು ಸಲ ಬಡ್ಕೊಂಡೆ!" ಎಂದು ಬೈದಳು, ಬೈಯುತ್ತಲೇ ಗೇಟಿನ ಬುಡದಲ್ಲಿ ಕುಸಿದು ಕೂತಳು.

ಪರರ ಪಾತ್ರಗಳಲ್ಲಿ ಬಾಳು ಸವೆಸಿದವರನ್ನು ನಾವು ಸುಲಭವಾಗಿ ಸೋಗಿನವರೆನ್ನುತ್ತೇವೆ. ಆದರೆ ತಮ್ಮ ಮುಖ ಯಾರದ್ದಾಗಿ ಬೇಕಾದರೂ ಸಲ್ಲುತ್ತದೆಂದು ಅರಿತವರಿಗೇ, ಇನ್ನೊಬ್ಬರ ಮುಖ ಅವರದೊಬ್ಬರದೇ ಎಂಬುದು ಗೊತ್ತಿರುವುದು. ಅಂಥವರಿಗೆ ನೆಮ್ಮದಿಯಿಲ್ಲ: ಜಗತ್ತು ನಂಬಿ ಅಳುವಾಗಲೂ ಅವರೊಬ್ಬರೇ ನಂಬದೆ, ಆ ಅಳುವನ್ನು ನಡುವೆಯೇ ತಡೆಯಬೇಕಾಗುತ್ತದೆ.