ಮೂರನೇ ದಿನದ ಗಂಗಮ್ಮ

ಕಾಳಪ್ಪ ಇಪ್ಪತ್ತೆರಡು ವರ್ಷದಿಂದ ಗಂಗಮ್ಮನಿಗೆ ಕೈ ಮುಗಿದಿರಲಿಲ್ಲ. ಚಾಮರಾಜಪೇಟೆ ಪಕ್ಕದ ಕೆರೆಯಲ್ಲಿ ಅವನ ತಮ್ಮ ಮುನಿರಾಜ ಮುಳುಗಿ ಸತ್ತಿದ್ದ. ಬಲೆ ಬೀಸುವುದನ್ನು ಕಾಳಪ್ಪ ಬಿಡಲಿಲ್ಲ, ಅದು ಹೊಟ್ಟೆಪಾಡು. ಪೂಜೆಯನ್ನು ಮಾತ್ರ ಹೆಂಡತಿ ಮುನಿಲಕ್ಷ್ಮಮ್ಮನಿಗೆ ಬಿಟ್ಟಿದ್ದ.

ಈ ವರ್ಷ ಅವಳಿಗೆ ಮಂಡಿ ಆಪರೇಷನ್. ಮಳೆಗಾಲ ಕಳೆದು ಮೊದಲ ಬಲೆ ಬೀಸುವ ದಿನ ಬೆಳಿಗ್ಗೆ ಮಂಚದಿಂದಲೇ ಅರಿಶಿನದ ಪೊಟ್ಟಣ ಚಾಚಿದಳು.

"ನಂಗೂ ಆ ಗಂಗಮ್ಮಂಗೂ ಆಗಲ್ಲ, ಗೊತ್ತಲ್ಲ ನಿಂಗೆ."

"ಕಲ್ಲಿಗೆ ಹಚ್ಚಿ ಬಂದ್ಬಿಡಿ, ಅಷ್ಟೇ."

ಅವನು ಹೋದಾಗ ಕೆರೆ ಏರಿಯ ಮೇಲೆ, ಹೊಂಗೆಮರದ ಕೆಳಗಿನ ಗಂಗಮ್ಮನ ಕಲ್ಲಿನ ಮುಂದೆ ವಾಕಿಂಗ್ ಶೂ ಹಾಕಿದ್ದ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದರು. ಹೆಸರು ಗೋದಾ, ಬಸವನಗುಡಿಯವರು, ಟೀಚರಾಗಿ ರಿಟೈರ್ ಆದವರು ಎಂದು ಅವರೇ ಹೇಳಿಕೊಂಡರು.

"ಇದು ಯಾವ ದೇವರು?"

"ಗಂಗಮ್ಮ. ಮೀನು ಹಿಡಿಯೋರ ದೇವರು."

"ಏನಪ್ಪಾ ಇವಳ ಶಕ್ತಿ?"

ಕಾಳಪ್ಪನಿಗೆ ಸಿಟ್ಟು ಬಂತು. ಆದರೂ ಅವ್ವ ಹೇಳುತ್ತಿದ್ದುದು ತಾನಾಗೇ ಬಾಯಿಗೆ ಬಂತು. "ಮೀನನ್ನ ಬಲೆ ಕಡೆ ಅಟ್ಟಿಕೊಡ್ತಾಳಂತೆ. ತೆಪ್ಪ ಮಗುಚದ ಹಾಗೆ ಹಿಡ್ಕೋತಾಳಂತೆ. ಒಂದ್ವೇಳೆ ಯಾರನ್ನಾದ್ರೂ ತಗೊಂಡ್ರೆ ಮೂರನೇ ದಿನ ವಾಪಸ್ ಕೊಡ್ತಾಳಂತೆ." ದಡದ ಕಡೆ ಕೈ ತೋರಿಸಿ ಹೇಳಿದ, "ನನ್ನ ತಮ್ಮನ್ನ ಕೊಟ್ಟಳು. ಹೆಣ. ಇಲ್ಲೇ ದಡಕ್ಕೆ ಬಂತು. ಅಷ್ಟೇ ಅವಳ ಶಕ್ತಿ."

ಗೋದಾ ಆ ದಡದ ಕಡೆ ನೋಡಿದರು. ಆಮೇಲೆ ಕೇಳಿದರು, "ಮುಖ ನೋಡಿದ್ರಾ?"

"ನೋಡಿದೆ. ಅವ್ವ ತಲೆ ಒರೆಸಿ ಕ್ರಾಪ್ ಬಾಚಿದ್ಲು."

"ಕೊರೋನಾದಲ್ಲಿ ನಮ್ಮ ಯಜಮಾನರು ಹೋದಾಗ ನಂಗೆ ಮುಖ ತೋರಿಸ್ಲಿಲ್ಲ. ದೂರದಿಂದ ಒಂದು ಬಿಳಿ ಮೂಟೆ ನೋಡ್ದೆ. ಅದು ಅವರೇನಾ ಅಂತ ಈಗ್ಲೂ ಗೊತ್ತಿಲ್ಲ."

ಆ ಮೂರನೇ ದಿನವನ್ನು ಕಾಳಪ್ಪ ಇದುವರೆಗೆ ದೇವಿಯ ಕ್ರೌರ್ಯವೆಂದೇ ಎಣಿಸಿದ್ದ. ಅದರಲ್ಲಿ ಕೊಡುವುದೂ ಇತ್ತೆಂದು ಹೊಳೆದಿರಲಿಲ್ಲ. ಸಿಟ್ಟು ಪೂರ್ತಿ ಹೋಗಲಿಲ್ಲ. ಆದರೂ ಕೂತು, ಕಲ್ಲಿನ ಮೇಲಿನ ಎಲೆ ತೆಗೆದು, ನೀರು ಹಾಕಿ ತೊಳೆದು ಅರಿಶಿನ ಹಚ್ಚಿದ. ಉಳಿದದ್ದನ್ನು ಗೋದಾ ಅವರ ಕೈಗಿಟ್ಟ. ಅವರೂ ಹಚ್ಚಿದರು.

ಮೊದಲ ಬಲೆಗೆ ಒಂದು ಕಾಟ್ಲಾ ಮೀನಿನ ಮರಿ ಬಿತ್ತು.

"ಮೊದಲನೇದು ಗಂಗಮ್ಮಂದು, ನೀರಿಗೇ ಬಿಡ್ಬೇಕು. ನೀವು ಬಿಡ್ತೀರಾ?" ಕಾಳಪ್ಪ ಕೇಳಿದ.

ಜನ್ಮದಲ್ಲಿ ಮೀನು ಮುಟ್ಟದ ಗೋದಾ ಶೂ ಬಿಚ್ಚಿಟ್ಟು, ಸೀರೆ ಎತ್ತಿಕಟ್ಟಿ, ದಡದ ನೀರಿಗಿಳಿದರು. ಮೀನು ಕೈಯಲ್ಲಿ ಬಲವಾಗಿ ಕೊಸರಿತು. ಅವರು ಹೆದರಿ ಕಿರುಚಿ, ಆಮೇಲೆ ನಗುತ್ತಾ, ಬೊಗಸೆಯನ್ನು ನೀರೊಳಗಿಳಿಸಿ ತೆರೆದರು.